“ಈ ಕೆಲಸಕ್ಕೆ ನೀವು ಜಾಸ್ತಿ ಓದಿದ್ದೀರಲ್ಲ?” ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ ಏನು ಹೇಳಬೇಕು?

ಓದಿದ್ದು ಇಂಜಿನಿಯರಿಂಗ್, ಹೋಗುತ್ತಿರುವುದು ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಅಂದುಕೊಳ್ಳಿ. ಅವರಿಗೆ ನಿಮ್ಮ ಡಿಗ್ರಿ ಸಮಸ್ಯೆಯಲ್ಲ. ಬೇರೆ ಕೆಲಸ ಸಿಕ್ಕ ಕೂಡಲೇ ಬಿಟ್ಟು ಹೋಗುತ್ತಾರೇನೋ ಅನ್ನುವುದೇ ದೊಡ್ಡ ಅಳುಕು. ಸಂಬಳದ್ದು ಆಮೇಲೆ.

“ಯಾವ ಕೆಲಸವಾದರೂ ಸರಿ” ಅಂತ ಮಾತ್ರ ಹೇಳಬೇಡಿ. ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಬದಲಿಗೆ ನಿಜವಾದ ಕಾರಣ ಹೇಳಿ: “ಮೆಷಿನ್ ಕೆಟ್ಟಾಗ ಗ್ರಾಹಕರ ಜೊತೆ ಕೂತು ಮಾತಾಡುವುದೇ ನನಗೆ ಹಿಡಿಸುತ್ತಿತ್ತು. ಅದನ್ನೇ ಮಾಡೋಣ ಅಂತ ಬಂದೆ. ಸಂಬಳ ಎಷ್ಟು ಅಂತ ನೋಡಿಯೇ ಅರ್ಜಿ ಹಾಕಿದ್ದೇನೆ.” ಇಷ್ಟು ಹೇಳಿ ಸುಮ್ಮನಾಗಿ.

ರೆಸ್ಯೂಮೆಯಿಂದ ಡಿಗ್ರಿಯನ್ನೇ ತೆಗೆದುಬಿಡಿ ಅನ್ನುವವರೂ ಇದ್ದಾರೆ. ನಾನಂತೂ ಒಪ್ಪುವುದಿಲ್ಲ. ಆ ನಾಲ್ಕು ವರ್ಷ ಏನು ಮಾಡಿದಿರಿ ಅಂದರೆ ಸುಮ್ನೆ ತಡವರಿಸಬೇಕಾಗುತ್ತದೆ, ಅಲ್ವಾ?