ಎಂಬತ್ತು ಪಾಯಿಂಟ್ ಗಳಿಸಿಯೂ ಮತ್ತೆ ಪರೀಕ್ಷೆ ಯಾಕೆ?

ಹಾಸನದ ಓದುಗರೊಬ್ಬರ ಪತ್ರ: 'ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೂಟನ್ ಟೌನ್ ತಂಡದ 2022–23ರ ಸೀಸನ್ ಬಗ್ಗೆ ನೀವು ಬರೆದದ್ದು ಓದಿದೆ. 46 ಪಂದ್ಯ ಆಡಿ 80 ಪಾಯಿಂಟ್ ಗಳಿಸಿ ಮೂರನೆಯವರಾದವರು, 69 ಪಾಯಿಂಟ್‌ನ ಸಂಡರ್ಲೆಂಡ್ ಜೊತೆ ಮತ್ತೆ ಯಾಕೆ ಆಡಬೇಕು? ಮೇಲಿನ ದರ್ಜೆಗೆ ಬಡ್ತಿ ಪೆನಾಲ್ಟಿಯಲ್ಲಿ ತೀರ್ಮಾನ ಆಗೋದು ನ್ಯಾಯವೇ? ಹಾಗೆ ಮೇಲೆ ಹೋದವರು ಒಂದೇ ವರ್ಷಕ್ಕೆ ಕೆಳಗೆ ಬಂದರು. ಇದರಲ್ಲಿ ಹೊಗಳುವಂಥದ್ದೇನಿದೆ? ಒಂದೇ ಒಂದು ಪಂದ್ಯ ನೋಡೋದಾದರೆ ಯಾವುದನ್ನು ನೋಡಲಿ?'

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿಗೆ ಕಾರಣ ಇದೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಮೊದಲ ಮೂರೂ ತಂಡಗಳು ನೇರವಾಗಿ ಮೇಲೆ ಹೋಗುತ್ತಿದ್ದವು. ಆ ನಿಯಮವೇ ಇದ್ದಿದ್ದರೆ ಲೂಟನ್‌ನವರು ಮೇ ಮೊದಲ ವಾರಕ್ಕೇ ಹಬ್ಬ ಮಾಡಬಹುದಿತ್ತು. 1986–87ರಲ್ಲಿ ಪ್ಲೇಆಫ್ ಬಂತು. 2022–23ರಲ್ಲಿ ನೇರ ಬಡ್ತಿ ಇದ್ದದ್ದು ಮೊದಲ ಇಬ್ಬರಿಗೆ ಮಾತ್ರ. ಮೂರರಿಂದ ಆರನೇ ಸ್ಥಾನದವರು ತಮ್ಮಲ್ಲೇ ಆಡಿ, ಗೆದ್ದ ಒಬ್ಬರು ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಹೋಗಬೇಕಿತ್ತು.

ಆದರೆ ಒಂದು ವರ್ಷ ಹಿಂದಕ್ಕೆ ಹೋಗಿ ನೋಡಿ. 2021–22ರಲ್ಲಿ 75 ಪಾಯಿಂಟ್ ಗಳಿಸಿ ಆರನೇ ಸ್ಥಾನದಲ್ಲಿದ್ದವರು ಇದೇ ಲೂಟನ್‌ನವರು. ಮೂರನೆಯವರಾಗಿದ್ದ ಹಡರ್ಸ್‌ಫೀಲ್ಡ್‌ ಬಳಿ 82 ಪಾಯಿಂಟ್ ಇತ್ತು. ಆ ಸಲ ಪ್ಲೇಆಫ್ ಬಾಗಿಲು ತೆರೆದದ್ದು ಲೂಟನ್‌ಗೆ. ಸೆಮಿಫೈನಲ್‌ನಲ್ಲಿ ಸೋತು ಮನೆಗೆ ಹೋದರು, ಅದು ಬೇರೆ ಮಾತು. ಒಂದು ವರ್ಷ ತಮಗೆ ಸಿಕ್ಕ ಅವಕಾಶವನ್ನು ಮರುವರ್ಷ ಬೇರೆಯವರಿಗೆ ಕೊಡಬೇಕಾಯಿತು. ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ.

ಇನ್ನೊಂದು ವಿಷಯ. 2023ರ ಮೇ 8ರಂದು, ಲೀಗ್‌ನ ಕೊನೆಯ ದಿನ, ಮಿಲ್ವಾಲ್ ತಂಡ ಬ್ಲ್ಯಾಕ್‌ಬರ್ನ್ ಎದುರು ಮಧ್ಯಂತರದ ಹೊತ್ತಿಗೆ 3–1ರಿಂದ ಮುಂದಿತ್ತು. ಗೆದ್ದಿದ್ದರೆ ಪ್ಲೇಆಫ್ ಅವರದೇ. ಕೊನೆಗೆ 4–3ರಿಂದ ಗೆದ್ದದ್ದು ಬ್ಲ್ಯಾಕ್‌ಬರ್ನ್. ಅವರಿಗೂ ಲಾಭ ಆಗಲಿಲ್ಲ. ಅದೇ ಹೊತ್ತಿಗೆ ಪ್ರೆಸ್ಟನ್‌ನಲ್ಲಿ 3–0ರಿಂದ ಗೆದ್ದ ಸಂಡರ್ಲೆಂಡ್, ಅಷ್ಟೇ ಪಾಯಿಂಟ್ ಇದ್ದರೂ ಗೋಲುಗಳ ಲೆಕ್ಕದಲ್ಲಿ ಆರನೇ ಸ್ಥಾನ ಹಿಡಿಯಿತು. ಪ್ಲೇಆಫ್ ಇಲ್ಲದಿದ್ದರೆ ಇವೆಲ್ಲ ಸುಮ್ನೆ ಆಡಿ ಮುಗಿಸುವ ಪಂದ್ಯಗಳಾಗುತ್ತಿದ್ದವು, ಅಲ್ವಾ?

ಈಗ ಆ ಸೀಸನ್ ವಿಷಯಕ್ಕೆ ಬರೋಣ. ಮೊದಲ ಎರಡು ಸ್ಥಾನ ಪಡೆದ ಬರ್ನ್ಲಿ, ಶೆಫೀಲ್ಡ್ ಯುನೈಟೆಡ್ ಎರಡೂ ಸ್ವಲ್ಪ ಮುಂಚೆಯಷ್ಟೇ ಪ್ರೀಮಿಯರ್ ಲೀಗ್‌ನಿಂದ ಇಳಿದ ತಂಡಗಳು. ಹಾಗೆ ಇಳಿದವರಿಗೆ ಕೆಲವು ವರ್ಷ ವಿಶೇಷ ಹಣ ಬರುತ್ತದೆ. ಲೂಟನ್‌ಗೆ ಅಂಥ ಹಣ ಇರಲಿಲ್ಲ. ಅವರ ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಆಗ ಹತ್ತು ಸಾವಿರ ಚಿಲ್ಲರೆ ಜನ ಕೂರಬಹುದಿತ್ತು, ಅಷ್ಟೇ. ಹೊರ ಊರಿನ ಅಭಿಮಾನಿಗಳು ಒಳಗೆ ಹೋಗಬೇಕಾದರೆ ಓಕ್ ರೋಡ್‌ನಲ್ಲಿ ಸಾಲುಮನೆಗಳ ಕೆಳಗಿನ ಸಂದಿನಲ್ಲಿ ನುಗ್ಗಬೇಕು. ಅಲ್ಲಿಂದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಕೆಳಗೆ ಯಾರದೋ ಮನೆ ಹಿತ್ತಲು, ಒಣಹಾಕಿದ ಬಟ್ಟೆ. ಇನ್ನು ನಾಲ್ಕು ಮೆಟ್ಟಿಲು ಹತ್ತಿದರೆ ಹಸಿರು ಮೈದಾನ. ಫೋಟೋದಲ್ಲಿ ನೋಡಿದಾಗಲೆಲ್ಲ ನನಗೆ ಅಲ್ಲಿಗೆ ಹೋಗಬೇಕು ಅನಿಸುತ್ತದೆ.

ನವೆಂಬರ್‌ನಲ್ಲಿ ಮ್ಯಾನೇಜರ್ ನೇಥನ್ ಜೋನ್ಸ್ ಸೌತಾಂಪ್ಟನ್‌ಗೆ ಹೊರಟುಹೋದರು. ಅವರ ಜಾಗಕ್ಕೆ ಬಂದದ್ದು ರಾಬ್ ಎಡ್ವರ್ಡ್ಸ್. ಪಕ್ಕದ ಊರಿನ ಬದ್ಧ ಎದುರಾಳಿ ವಾಟ್ಫರ್ಡ್‌ನವರು ಅವರನ್ನು ಸೆಪ್ಟೆಂಬರ್‌ನಲ್ಲಷ್ಟೇ ಕೆಲಸದಿಂದ ತೆಗೆದಿದ್ದರು. ಅಕ್ಟೋಬರ್‌ನಲ್ಲಿ ಲೂಟನ್ ಅದೇ ವಾಟ್ಫರ್ಡ್‌ಗೆ 4–0ರಿಂದ ಸೋತಿತ್ತು. ಏಪ್ರಿಲ್ 1ರಂದು ಎಡ್ವರ್ಡ್ಸ್ ಅವರ ತಂಡ ಆ ಸಾಲವನ್ನು 2–0ರಿಂದ ತೀರಿಸಿತು. ಗೋಲು ಹೊಡೆಯಲು ಮುಂದಿನ ಸಾಲಿನಲ್ಲಿ ಕಾರ್ಲ್ಟನ್ ಮಾರಿಸ್ ಇದ್ದರು. ಲೀಗ್‌ನಲ್ಲೇ 20 ಗೋಲು ಹೊಡೆದರು.

ಒಂದೇ ವರ್ಷಕ್ಕೆ ಇಳಿದರು ಅನ್ನುತ್ತೀರಿ. ಒಂದೇ ಅಲ್ಲ, 2024ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಇಳಿದು ಮೂರನೇ ದರ್ಜೆಗೆ ಹೋದರು. ನೋವಿನ ಸಂಗತಿ. ಆದರೆ ಈ ಕ್ಲಬ್ ಎಲ್ಲಿಂದ ಬಂದಿತ್ತು ನೋಡಿ. ಹಿಂದಿನ ಆಡಳಿತದ ಹಣಕಾಸಿನ ತಪ್ಪುಗಳಿಗಾಗಿ 2008–09ರ ಸೀಸನ್ನನ್ನು ಮೈನಸ್ 30 ಪಾಯಿಂಟ್‌ನಿಂದ ಶುರು ಮಾಡಬೇಕಾಯಿತು. ನಾಲ್ಕನೇ ದರ್ಜೆಯಿಂದಲೂ ಜಾರಿ ಐದನೆಯದಕ್ಕೆ ಬಿದ್ದರು. ಅಲ್ಲೇ ಐದು ವರ್ಷ. ಪೆಲ್ಲಿ ರಡಕ್ ಎಂಪಾಂಜು ಅಲ್ಲಿದ್ದಾಗಲೇ ತಂಡ ಸೇರಿದವರು. ಒಂದೇ ಕ್ಲಬ್ ಜೊತೆ ಐದನೇ ದರ್ಜೆಯಿಂದ ಪ್ರೀಮಿಯರ್ ಲೀಗ್‌ವರೆಗೆ ಬಂದ ಮೊದಲ ಆಟಗಾರ ಅವರು. ಒಂದು ವರ್ಷ ಮಾತ್ರ ಅಲ್ಲಿದ್ದರು ಅಂದ ಮಾತ್ರಕ್ಕೆ ಆ ಹತ್ತು ವರ್ಷದ ದುಡಿಮೆ ಕಡಿಮೆ ಆಗುವುದಿಲ್ಲ.

ಪೆನಾಲ್ಟಿ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಮೇ 27ರಂದು ವೆಂಬ್ಲಿಯಲ್ಲಿ ಕಾವೆಂಟ್ರಿ ಜೊತೆ ಫೈನಲ್. 2018ರಲ್ಲಿ ಈ ಎರಡೂ ತಂಡಗಳು ನಾಲ್ಕನೇ ದರ್ಜೆಯಲ್ಲಿ ಇದ್ದವು. ಆಟ ಶುರುವಾಗಿ ಹತ್ತು ನಿಮಿಷ ಆಗುವ ಮುಂಚೆಯೇ ಲೂಟನ್ ನಾಯಕ ಟಾಮ್ ಲಾಕ್ಯರ್ ಮೈದಾನದಲ್ಲೇ ಕುಸಿದುಬಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಟಿವಿ ಮುಂದೆ ಕೂತಿದ್ದ ನನಗೆ ಆಮೇಲೆ ಸ್ಕೋರ್ ಕಡೆ ಗಮನವೇ ಹೋಗಲಿಲ್ಲ. ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಪಂದ್ಯ 1–1ರಿಂದ ಸಮ ಆಯಿತು. ಪೆನಾಲ್ಟಿಯಲ್ಲಿ ಲೂಟನ್‌ನ ಆರೂ ಮಂದಿ ಗೋಲು ಹೊಡೆದರು. ಕಾವೆಂಟ್ರಿಯ ಫಂಕಾಟಿ ಡಾಬೊ ಅವರ ಆರನೇ ಹೊಡೆತ ತಪ್ಪಿತು. 6–5. ಒಂದು ಒದೆತ ತಪ್ಪಿದ್ದಕ್ಕೆ ಒಬ್ಬ ಆಟಗಾರ ಇಡೀ ಊರಿನ ದುಃಖ ಹೊರಬೇಕು ಅನ್ನೋದು ನನಗೂ ಸರಿ ಕಾಣುವುದಿಲ್ಲ. ಲಾಕ್ಯರ್ ಇದೆಲ್ಲವನ್ನೂ ಆಸ್ಪತ್ರೆಯ ಹಾಸಿಗೆಯಿಂದಲೇ ನೋಡಿದರು.

ಯಾವ ಪಂದ್ಯ ನೋಡಲಿ ಅಂತ ಕೇಳಿದ್ದೀರಿ. ಫೈನಲ್ ಬೇಡ. ಮೇ 16ರ ಸೆಮಿಫೈನಲ್ ನೋಡಿ, ಎರಡನೇ ಪಂದ್ಯ. ಸಂಡರ್ಲೆಂಡ್‌ನಲ್ಲಿ 2–1ರಿಂದ ಸೋತು ಬಂದಿದ್ದವರು ತಮ್ಮ ಮನೆಯಂಗಳದಲ್ಲಿ 2–0ರಿಂದ ಗೆದ್ದದ್ದು; ಎರಡೂ ಪಂದ್ಯದ ಗೋಲು ಸೇರಿಸಿದರೆ 3–2. ಮೊದಲ ಗೋಲು ಗೇಬ್ರಿಯಲ್ ಓಶೊ ಅವರದು. ಎರಡನೆಯದು ಮಧ್ಯಂತರಕ್ಕೆ ಸ್ವಲ್ಪ ಮುಂಚೆ. ಚೆಂಡಿಗೆ ತಲೆ ಕೊಟ್ಟವರು ಲಾಕ್ಯರ್.