ಸ್ಟೇ ತರಬೇಕಾ, ಅಂಗಡಿ ಬದಲಾಯಿಸಬೇಕಾ? ಎರಡೂ ಬೇಡ, ಮೊದಲು ನನ್ನ ಪತ್ರದ ಕಥೆ ಕೇಳಿ

ಬೆಂಗಳೂರಿನಲ್ಲಿ ನಿಮ್ಮ ಅಂಗಡಿ ಮುಂದಿನ ರಸ್ತೆ ಎಂಟು ತಿಂಗಳಿಂದ ಅಗೆದು ಬಿದ್ದಿದೆ. ಫುಟ್‌ಪಾತ್ ಅಗಲ ಮಾಡಿ ಪಾರ್ಕಿಂಗ್ ತೆಗೆಯುತ್ತಾರಂತೆ. ಹಬ್ಬ ಮುಗಿಯುವ ತನಕ ಕೆಲಸ ನಿಲ್ಲಿಸಿ ಎಂದು ಸಂಘದವರು ಮನವಿ ಕೊಡುತ್ತಿದ್ದಾರೆ, ಒಪ್ಪದಿದ್ದರೆ ಕೋರ್ಟಿನಿಂದ ಸ್ಟೇ, ಅಂದರೆ ತಡೆ, ತರುತ್ತಾರೆ. ಸಹಿ ಹಾಕಲಾ, ಇಲ್ಲ ಅಂಗಡಿಯನ್ನೇ ಬೇರೆ ಕಡೆ ಹಾಕಲಾ ಎಂದು ಕೇಳಿದ್ದೀರಿ.

ಸಹಿ ಹಾಕಬೇಡಿ. ಅಂಥದ್ದೇ ಒಂದು ಪತ್ರಕ್ಕೆ ಮೊದಲ ಸಹಿ ನನ್ನದು.

ನಮ್ಮದು ಬೆಂಗಳೂರಲ್ಲ, ಊರಿನ ಹೆಸರು ಬೇಡ. ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಹೂಬತ್ತಿ, ಕಳಶದ ಸಾಮಾನು. ಅಪ್ಪನ ಕಾಲದಿಂದ ಅದೇ ರಸ್ತೆ, ಅದೇ ಮೂಲೆ. ವರ್ಷದ ಅರ್ಧ ವ್ಯಾಪಾರ ವರಮಹಾಲಕ್ಷ್ಮಿಯಿಂದ ದೀಪಾವಳಿ ತನಕದ ಮೂರು ತಿಂಗಳಲ್ಲೇ ಆಗಬೇಕು. 2019ರ ಜನವರಿಯಲ್ಲಿ ರಸ್ತೆ ಅಗೆದರು. ಯುಜಿಡಿ, ಅಂದರೆ ಒಳಚರಂಡಿ ಪೈಪ್ ಹೊಸದು, ಚರಂಡಿ ಹೊಸದು, ಅದರ ಮೇಲೆ ಅಗಲದ ಫುಟ್‌ಪಾತ್. ಒಂಬತ್ತು ತಿಂಗಳಲ್ಲಿ ಮುಗಿಸುತ್ತೇವೆ ಎಂದು ಬೋರ್ಡ್ ಹಾಕಿದ್ದರು.

ಜುಲೈ ಬಂದರೂ ಅರ್ಧವೂ ಆಗಿರಲಿಲ್ಲ. ನನ್ನ ಅಂಗಡಿಗೆ ಬರಬೇಕು ಅಂದರೆ ಗುಂಡಿ ಮೇಲೆ ಹಾಕಿದ ಎರಡು ಸೆಂಟ್ರಿಂಗ್ ಹಲಗೆ ದಾಟಬೇಕಿತ್ತು. ಒಬ್ಬರು ಅಜ್ಜಿ, ನಮ್ಮಲ್ಲಿ ಮೂವತ್ತು ವರ್ಷದಿಂದ ಕುಂಕುಮ ತಗೊಳ್ಳುವವರು, ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು ಇನ್ನೊಂದು ಕೈ ನನ್ನ ಕಡೆ ಚಾಚುತ್ತಿದ್ದರು. ನಾನು ಕೌಂಟರ್ ಬಿಟ್ಟು ಓಡಿಹೋಗಿ ಹಿಡಿದುಕೊಳ್ಳುತ್ತಿದ್ದೆ. ಹಲಗೆ ನಡುವೆ ಬಾಗಿ ಕಿರ್ ಅನ್ನುತ್ತಿತ್ತು. ಒಳಗೆ ಬಂದವರು ಪೊಟ್ಟಣದ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿ, ಬಣ್ಣ ನೋಡಿ, ಕೆಲವರು ಹಾಗೇ ಇಟ್ಟು ಹೋಗುತ್ತಿದ್ದರು.

ಸಭೆಗಳೂ ಆದವು. ಸಮುದಾಯ ಭವನದಲ್ಲಿ ವ್ಯಾಪಾರಿಗಳು ಒಂದು ಕಡೆ, ಹಿಂದಿನ ಬೀದಿಯ ಮನೆಯವರು ಇನ್ನೊಂದು ಕಡೆ. ನಾವು ಪಾರ್ಕಿಂಗ್ ಬೇಕು ಅಂದೆವು, ಅವರು ನಡೆಯೋಕೆ ಜಾಗ ಬೇಕು ಅಂದರು. ಎರಡು ಗಂಟೆ ಅದೇ ಜಗಳ. ಕೊನೆಗೆ ಒಬ್ಬರು ನಿವೃತ್ತ ಮೇಷ್ಟ್ರು ಎದ್ದು ನಿಂತು, "ಮೇಲಿನದು ಇರಲಿ, ಕೆಳಗಿನ ಪೈಪ್ ಯಾವ ತಾರೀಖಿಗೆ ಮುಗಿಯುತ್ತೆ ಹೇಳಿ" ಎಂದು ಕೇಳಿದರು. ಅವರ ಮಾತು ಯಾರಿಗೂ ಬೇಕಿರಲಿಲ್ಲ. ನಾನೂ ಪಾರ್ಕಿಂಗ್ ಬಗ್ಗೆ ಗಟ್ಟಿಯಾಗಿ ಮಾತಾಡಿದವನಿಗೆ ಚಪ್ಪಾಳೆ ತಟ್ಟಿದೆ. ಆ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಆಗ ಅದು ತಪ್ಪು ಅಂತ ಅನಿಸುವುದೇ ಇಲ್ಲ.

ಜುಲೈ ಕೊನೆಯಲ್ಲಿ ಹದಿನೆಂಟು ಅಂಗಡಿಯವರು ಸೇರಿ ಪತ್ರ ಬರೆದೆವು. "ಹಬ್ಬದ ಸೀಸನ್ ಇರುವುದರಿಂದ ದೀಪಾವಳಿ ಮುಗಿಯುವ ತನಕ ಕಾಮಗಾರಿ ನಿಲ್ಲಿಸಬೇಕಾಗಿ ವಿನಂತಿ." ಇಷ್ಟೇ. ಬರೆದವನು ನಾನು. ಇಂಜಿನಿಯರ್ ಜಗಳ ಆಡಲಿಲ್ಲ, ಕುರ್ಚಿ ಕೊಟ್ಟರು, ಟೀ ತರಿಸಿದರು. "ಬರೆದುಕೊಟ್ಟಿದ್ದೀರಲ್ಲ, ನಿಲ್ಲಿಸೋಣ ಬಿಡಿ" ಅಂದರು. ಗೆದ್ದೆವು ಅಂದುಕೊಂಡು ಬಂದೆ. ಏಳು ತಿಂಗಳು ಒಂದು ಮಾತಿಗೂ ಒಪ್ಪದವರು ಇದಕ್ಕೆ ಮಾತ್ರ ಒಂದೇ ನಿಮಿಷದಲ್ಲಿ ಯಾಕೆ ಒಪ್ಪಿದರು ಎಂದು ಯೋಚಿಸಲಿಲ್ಲ.

ಆಗ ರಸ್ತೆಯ ಎಡಗಡೆ ಪೈಪ್ ಹಾಕಿ ಆಗಿತ್ತು, ಆದರೆ ಮನೆ-ಅಂಗಡಿಗಳ ಸಂಪರ್ಕ ಕೊಟ್ಟಿರಲಿಲ್ಲ. ಬಲಗಡೆ ನೂರು ಮೀಟರ್ ಅಗೆದಿತ್ತು. ಅಂದರೆ ನಿಲ್ಲಿಸಲು ಅದಕ್ಕಿಂತ ಕೆಟ್ಟ ಹಂತ ಇನ್ನೊಂದಿಲ್ಲ. ಒಂದು ವಾರದಲ್ಲಿ ಗುಂಡಿಗೆ ಮಣ್ಣು ಸುರಿದು ಮೇಲೆ ಜಲ್ಲಿ ಹರಡಿದರು. ಪದರ ಪದರವಾಗಿ ನೀರು ಹಾಕಿ ಗುದ್ದಿ ಗಟ್ಟಿ ಮಾಡಲಿಲ್ಲ, ಸುಮ್ನೆ ಸುರಿದರು. ಮುಂದೆ ಮತ್ತೆ ಅಗೆಯುವುದೇ ಅಲ್ವಾ ಅಂದರು. ಗುತ್ತಿಗೆದಾರನ ಜೆಸಿಬಿ ಬಾಡಿಗೆಯದು, ಗಂಟೆ ಲೆಕ್ಕ. ಅವನು ಮೂರು ತಿಂಗಳು ಕಾಯುತ್ತಾನಾ? ಯಂತ್ರವನ್ನೂ ಹುಡುಗರನ್ನೂ ಊರಾಚೆಯ ಇನ್ನೊಂದು ಕೆಲಸಕ್ಕೆ ಹಾಕಿದ. ಸೆಪ್ಟೆಂಬರ್ ಮಳೆಗೆ ಸುರಿದ ಮಣ್ಣು ಕುಸಿಯಿತು. ನವರಾತ್ರಿಯಲ್ಲಿ ನನ್ನ ಅಂಗಡಿ ಮುಂದೆ ಹಲಗೆ ಹೋಗಿ ಕೆಸರು ಬಂತು. ನಾನು ಬೇಡಿ ತಂದ ಮೂರು ತಿಂಗಳಲ್ಲಿ ವ್ಯಾಪಾರ, ಕೆಲಸ ನಡೆಯುತ್ತಿದ್ದಾಗಿನದಕ್ಕಿಂತಲೂ ಕಡಿಮೆಯಾಯಿತು.

ಅಕ್ಟೋಬರ್ 27ಕ್ಕೆ ದೀಪಾವಳಿ. ನವೆಂಬರ್ ಆಯಿತು, ಡಿಸೆಂಬರ್ ಆಯಿತು, ಯಾರೂ ಬರಲಿಲ್ಲ. ಇಂಜಿನಿಯರ್ ಹತ್ತಿರ ಹೋಗಿ ಕೂಗಾಡಿದೆವು. ಅವರು ಫೈಲ್ ತೆಗೆದು ನನ್ನ ಕಡೆ ತಿರುಗಿಸಿದರು. ಅದರಲ್ಲಿ ನಮ್ಮ ಪತ್ರ. ಕೆಳಗೆ ಮೊದಲ ಸಹಿ, ನೀಲಿ ಇಂಕು, ನನ್ನದು. "ನಿಲ್ಲಿಸಿ ಅಂದವರು ನೀವೇ" ಅಂದರು.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಫೈಲ್ ಪ್ರತಿ ತರಿಸಿದೆ. ತಡ ಮಾಡಿದ್ದಕ್ಕೆ ಗುತ್ತಿಗೆದಾರನಿಗೆ ಹಾಕಬೇಕಿದ್ದ ದಂಡ ಹಾಕಿರಲಿಲ್ಲ. ಕಾಲಾವಧಿ ವಿಸ್ತರಿಸಿದ್ದರು. ಕಾರಣದ ಜಾಗದಲ್ಲಿ "ವರ್ತಕರ ಮನವಿಯ ಮೇರೆಗೆ" ಎಂದಿತ್ತು. ನಾವು ಕೇಳಿದ್ದು ಮೂರು ತಿಂಗಳು. ಅದಕ್ಕೂ ಮೊದಲಿನ ತಡವನ್ನೂ ಆಮೇಲಿನ ತಡವನ್ನೂ ಅದೇ ಪತ್ರದ ಅಡಿಯಲ್ಲಿ ಮುಚ್ಚಿಬಿಟ್ಟಿದ್ದರು. ಪತ್ರದಲ್ಲಿ ಕೆಲಸ ಮತ್ತೆ ಶುರುವಾಗಬೇಕಾದ ತಾರೀಖು ನಾನು ಬರೆದಿರಲಿಲ್ಲ. ಈಗಾಗಲೇ ಇಷ್ಟು ತಡವಾಗಿದೆ ಎಂದೂ ಬರೆದಿರಲಿಲ್ಲ. ಅವರಿಗೆ ಬೇಕಾಗಿದ್ದ ಕಾಗದವನ್ನು ನಾನೇ ಕೈಯಾರೆ ಬರೆದು ಕೊಟ್ಟಿದ್ದೆ.

2020ರ ಫೆಬ್ರವರಿಯಲ್ಲಿ ಹುಡುಗರು ಮತ್ತೆ ಬಂದರು. ಮಾರ್ಚ್ 25ಕ್ಕೆ ಲಾಕ್‌ಡೌನ್. ಅವರು ಊರು ಸೇರಿದರು. ರಸ್ತೆ ಮುಗಿದಿದ್ದು 2021ರಲ್ಲಿ. ಆ ಮೂರು ತಿಂಗಳು ನಿಲ್ಲಿಸದೇ ಇದ್ದಿದ್ದರೆ ಲಾಕ್‌ಡೌನ್‌ಗೆ ಮುಂಚೆ ಕನಿಷ್ಠ ಪೈಪ್ ಕೆಲಸವಾದರೂ ಮುಗಿದು ಮೇಲೆ ಮುಚ್ಚಿರುತ್ತಿತ್ತು. ನಮ್ಮ ಪಕ್ಕದ ಟೈಲರ್ ಅಣ್ಣ ಅಂಗಡಿಯನ್ನೇ ಮುಚ್ಚಿದರು. ಅವರೂ ಆ ಪತ್ರಕ್ಕೆ ಸಹಿ ಹಾಕಿದ್ದರು, ನಾನು ಹೇಳಿದ್ದಕ್ಕೆ. ಇವತ್ತಿಗೂ ಅವರ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಸ್ಟೇ ಅನ್ನುವ ಮಾತೇ ಬೇಡ. ಕೋರ್ಟ್ ತಡೆ ಕೊಟ್ಟರೂ ಗುಂಡಿ ಇದ್ದಲ್ಲೇ ಇರುತ್ತದೆ, ಹುಡುಗರು ಮಾತ್ರ ಹೋಗುತ್ತಾರೆ. ಬೇರೆ ಕಡೆ ಅಂಗಡಿ ಹಾಕುವುದೂ ಬೇಡ. ಹೊಸ ಅಡ್ವಾನ್ಸ್ ಕೊಟ್ಟು, ಗಿರಾಕಿ ಕಟ್ಟುವಷ್ಟರಲ್ಲಿ ಈ ರಸ್ತೆ ಮುಗಿದು ಇಲ್ಲಿ ಬಾಡಿಗೆ ಏರಿರುತ್ತದೆ. ಮಾಲೀಕರ ಹತ್ತಿರ ಕೂತು ಕೆಲಸ ಮುಗಿಯುವ ತನಕ ಬಾಡಿಗೆ ಕಡಿಮೆ ಮಾಡಿ ಅಂತ ಕೇಳಿ. ನನಗೆ ಮಾಡಿಕೊಟ್ಟರು.

ಪಾರ್ಕಿಂಗ್ ಹೋದರೆ ಕಾರಲ್ಲಿ ಬರುವ ಗಿರಾಕಿಗಳೂ ಹೋಗುತ್ತಾರೆ ಎಂದು ನೀವು ಬರೆದಿದ್ದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಗಿರಾಕಿಗಳು ಕಾರಲ್ಲಿ ಬರುತ್ತಾರೆ ಎಂದು ನಿಮಗೆ ಹೇಗೆ ಗೊತ್ತು? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಶುಕ್ರವಾರ ತಂಗಿ ಮಗನನ್ನು ಬಾಗಿಲಲ್ಲಿ ಕೂರಿಸಿ ಬರೆಸಿದೆ. ಹತ್ತರಲ್ಲಿ ಏಳು ಜನ ನಡೆದೇ ಬಂದವರು. ಮುಂದೆ ನಿಲ್ಲುತ್ತಿದ್ದ ಸ್ಕೂಟರ್‌ಗಳಲ್ಲಿ ಜಾಸ್ತಿ ನಮ್ಮ ಅಂಗಡಿಯವರದ್ದೇ. ನಿಮ್ಮ ಊರಲ್ಲೇ ಚರ್ಚ್ ಸ್ಟ್ರೀಟ್ ನೋಡಿ. ಬ್ರಿಗೇಡ್ ರೋಡಿಂದ ಸೇಂಟ್ ಮಾರ್ಕ್ಸ್ ರೋಡಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. 2017ರ ಫೆಬ್ರವರಿಯಲ್ಲಿ ಅಗೆದು, 2018ರ ಮಾರ್ಚ್‌ನಲ್ಲಿ ಬಿಟ್ಟುಕೊಟ್ಟರು. ಆ ಒಂದು ವರ್ಷ ಅಲ್ಲಿಯವರೂ ಧೂಳು ತಿಂದರು. 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ-ಭಾನುವಾರ ಗಾಡಿಗಳನ್ನೇ ಬಿಡಲಿಲ್ಲ, ಜನ ರಸ್ತೆ ತುಂಬ ಓಡಾಡಿದರು. ಇವತ್ತು ಆ ಕಲ್ಲುಹಾಸಿನ ಮೇಲೆ ಸಂಜೆ ಹೋಗಿ ನಿಂತರೆ ಪುಸ್ತಕದಂಗಡಿಗಳ ಮುಂದೆ ಎಷ್ಟು ಜನ ಇರುತ್ತಾರೆ ನೋಡಿ.

ಹೋರಾಡಬೇಕಾಗಿದ್ದು ನೆಲದ ಕೆಳಗಿನದಕ್ಕೆ. ಚರ್ಚ್ ಸ್ಟ್ರೀಟ್ ಥರ ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಮಾಡಿದ ರಸ್ತೆಗಳ ಮೂಲ ವಿಚಾರವೇ ಅದು. ನೀರು, ಒಳಚರಂಡಿ, ಕರೆಂಟು, ಕೇಬಲ್ ಎಲ್ಲವನ್ನೂ ಒಂದೇ ಸಲ ವ್ಯವಸ್ಥಿತವಾಗಿ ಹಾಕಿ, ರಿಪೇರಿಗೆ ಚೇಂಬರ್ ಬಿಟ್ಟು, ಆಮೇಲೆ ರಸ್ತೆ ಅಗೆಯದ ಹಾಗೆ ಮಾಡುವುದು. ಅದು ಸರಿಯಾಗದಿದ್ದರೆ ಹೊಸ ಫುಟ್‌ಪಾತನ್ನು ಆರೇ ತಿಂಗಳಲ್ಲಿ ಒಡೆಯುತ್ತಾರೆ. ನಮ್ಮಲ್ಲಿ ಒಡೆದರು, ಮನೆ ಸಂಪರ್ಕ ಮರೆತಿದ್ದಕ್ಕೆ.

ಮಾಹಿತಿ ಹಕ್ಕಿನ ಅರ್ಜಿ ಇವತ್ತೇ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ಕಾರ್ಯಾದೇಶ, ಮುಗಿಸಬೇಕಾದ ದಿನಾಂಕ, ಕೊಟ್ಟ ವಿಸ್ತರಣೆ, ಅದಕ್ಕೆ ಬರೆದ ಕಾರಣ, ಇಷ್ಟರ ಪ್ರತಿ ಕೇಳಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸುವ ಹಕ್ಕೂ ಅದೇ ಕಾಯ್ದೆಯಲ್ಲಿದೆ, ಅದನ್ನು ಇನ್ನೊಂದು ಅರ್ಜಿಯಲ್ಲಿ ಕೇಳಿ. ಪೈಪ್ ಮೇಲೆ ಮಣ್ಣು ಮುಚ್ಚುವ ಮುಂಚೆ ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ನಿಮ್ಮ ಅಂಗಡಿಯ ಸಂಪರ್ಕ ಎಲ್ಲಿದೆ ಎಂದು ಗೋಡೆ ಮೇಲೆ ಬಣ್ಣದಲ್ಲಿ ಗುರುತು ಹಾಕಿ.

ಸಂಘದ ಪತ್ರ ಇನ್ನೂ ಕೊಟ್ಟಿಲ್ಲ ಅಂದರೆ ಹರಿದು ಹೊಸದು ಬರೆಯಿರಿ. ಮೊದಲ ಸಾಲಿನಲ್ಲೇ ಕೆಲಸ ಈಗಾಗಲೇ ಎಷ್ಟು ದಿನ ತಡವಾಗಿದೆ ಎಂದು ಬರೆಯಿರಿ. ಐವತ್ತು ಐವತ್ತು ಮೀಟರ್ ತುಂಡು ಮಾಡಿ, ಒಂದು ತುಂಡು ಸಂಪರ್ಕ ಸಮೇತ ಮುಗಿಯದೆ ಇನ್ನೊಂದು ಅಗೆಯಬೇಡಿ ಎಂದು ಕೇಳಿ. ಪ್ರತಿ ತುಂಡಿಗೂ ತಾರೀಖು ಬರೆಸಿಕೊಳ್ಳಿ. ಹಬ್ಬದ ದಿನಗಳಲ್ಲಿ ಅಂಗಡಿ ಬಾಗಿಲಿಗೆ ಕೈಹಿಡಿ ಇರುವ ಕಬ್ಬಿಣದ ಹಲಗೆ ಬೇಕು ಎಂದೂ ಸೇರಿಸಿ, ವಯಸ್ಸಾದವರು ಬರುತ್ತಾರೆ. "ನಿಲ್ಲಿಸಿ" ಅನ್ನುವ ಪದ ಅದರಲ್ಲಿ ಎಲ್ಲೂ ಇರಬಾರದು. ಕೊಟ್ಟ ಮೇಲೆ ಮುದ್ರೆ ಹಾಕಿದ ಪ್ರತಿ ಇಸ್ಕೊಂಡು ಬನ್ನಿ.