ನಂಬರ್ ಕೊಡದಿದ್ದರೆ ಬಿಲ್ ಕೊಡಲ್ವಂತೆ!

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರ ಬರೆಯುವಾಗ ಒಂದು ಮಾತು ಹೇಳಿದ್ದೆ. ಅಂಗಡಿಯಲ್ಲಿ ಸಾಮಾನು ತಗೊಂಡು ದುಡ್ಡು ಕೊಟ್ಟ ಮೇಲೆ ಮೊಬೈಲ್ ನಂಬರ್ ಯಾಕೆ ಕೊಡಬೇಕು, ಕೇಳಿದರೆ ಕೊಡಲ್ಲ ಅನ್ನಿ ಅಂತ. ಆ ಒಂದು ಮಾತಿಗೆ ಬಂದಷ್ಟು ಪತ್ರಗಳು ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಹೊಗಳಿದವರಿದ್ದಾರೆ, ಬೈದವರೂ ಇದ್ದಾರೆ. ಹಾಗಾಗಿ ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಿಮ್ಮ ಮಾತು ನಂಬಿ ಮೊನ್ನೆ ಸೂಪರ್ ಮಾರ್ಕೆಟ್‌ನಲ್ಲಿ ನಂಬರ್ ಕೊಡಲ್ಲ ಅಂದೆ. ಬಿಲ್ ಮಾಡುವ ಹುಡುಗಿ, 'ಮೇಡಂ, ನಂಬರ್ ಹಾಕದೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ, ಬಿಲ್ ಬರಲ್ಲ' ಅಂದಳು. ಹಿಂದೆ ನಿಂತವರು ಗೊಣಗಿದರು. ಕೊನೆಗೆ ನಮ್ಮ ಯಜಮಾನರು ತಮ್ಮ ನಂಬರ್ ಹೇಳಿ ಮುಗಿಸಿದರು. 'ಒಂದು ನಂಬರ್ ಕೊಟ್ಟರೆ ಏನು ಗಂಟು ಹೋಗುತ್ತೆ' ಅಂತ ದಾರಿಯುದ್ದಕ್ಕೂ ನನಗೆ ಬೈಗುಳ. ನಾನು ಮಾಡಿದ್ದು ತಪ್ಪಾ?
— ಗೃಹಿಣಿ, ದಾವಣಗೆರೆ

ಉತ್ತರ: ತಪ್ಪಲ್ಲಮ್ಮ. ನೀವು ಮಾಡಿದ್ದು ಸರಿಯಾಗಿಯೇ ಇದೆ. ದುಡ್ಡು ತಗೊಂಡು ಬಿಲ್ ಕೊಡದೆ ಇರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತದೆ. ಗ್ರಾಹಕರು ನಂಬಿ ಕೊಟ್ಟ ಸ್ವಂತ ಮಾಹಿತಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬೇರೆಯವರಿಗೆ ದಾಟಿಸುವುದೂ ಅದೇ ಪಟ್ಟಿಯಲ್ಲಿದೆ. ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಅನ್ನುವುದು ಅಂಗಡಿಯವರ ತೊಂದರೆ, ನಿಮ್ಮದಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇದನ್ನೇ ಹೇಳಿದೆ. ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯ ಮಾಡಬೇಡಿ ಅಂತ ಅಂಗಡಿಯವರಿಗೆ ಸೂಚನೆ ಕೊಟ್ಟಿತ್ತು.

ಆ ಹುಡುಗಿಯ ಮೇಲೆ ಮಾತ್ರ ಸಿಟ್ಟು ಮಾಡಬೇಡಿ. ಅವಳಿಗೆ ಮೇಲಿನವರು ಹೇಳಿಕೊಟ್ಟಿದ್ದೇ ಅಷ್ಟು. ಮ್ಯಾನೇಜರನ್ನು ಕರೆಸಿ. ನಮ್ಮ ತುಮಕೂರಿನಲ್ಲಿ ನನಗೂ ಒಮ್ಮೆ ಹೀಗೇ ಆಯಿತು. ಮ್ಯಾನೇಜರ್ ಬಂದು ಒಂಬತ್ತರ ಗುಂಡಿಯನ್ನು ಹತ್ತು ಸಲ ಒತ್ತಿದರು, ಬಿಲ್ ಬಂತು. ಅಂದರೆ ದಾರಿ ಮೊದಲೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ಅದಕ್ಕೂ ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಮನೆಗೆ ಸಾಮಾನು ತಂದುಕೊಡಬೇಕು ಅಂದಾಗ, ಫ್ರಿಜ್ಜು ತಗೊಂಡು ವಾರಂಟಿ ಬರೆಸುವಾಗ ನಂಬರ್ ಕೊಡಿ. ಅಲ್ಲಿ ಅದಕ್ಕೆ ಕೆಲಸ ಇದೆ. ಎರಡು ಕೆಜಿ ತೊಗರಿಬೇಳೆಗೆ ಯಾಕೆ?

ಇನ್ನು ಯಜಮಾನರ ಪ್ರಶ್ನೆ. ಏನು ಗಂಟು ಹೋಗುತ್ತೆ ಅಂದರಲ್ವಾ, ಅವರ ಬ್ಯಾಂಕು ಯಾವ ನಂಬರಿಗೆ ಓಟಿಪಿ ಕಳಿಸುತ್ತದೆ ಅಂತ ಕೇಳಿ ನೋಡಿ. ಆಧಾರ್, ಗ್ಯಾಸು, ಫೋನ್‌ಪೇ, ಮಕ್ಕಳ ಶಾಲೆ, ಎಲ್ಲಕ್ಕೂ ಅದೇ ಒಂದು ನಂಬರ್. ಅಂಗಡಿಯ ಬಿಲ್ಲು ಅದಕ್ಕೆ ಸೇರಿದ ಮೇಲೆ ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮಗು ಹುಟ್ಟಿದೆ ಅನ್ನುವುದೂ ಸೇರುತ್ತದೆ. ಮಗುವಿನ ಡಯಾಪರ್ ಕೊಂಡ ತಿಂಗಳೇ ನನ್ನ ತಮ್ಮನಿಗೆ ಮಕ್ಕಳ ವಿಮೆಯವರ ಫೋನ್ ಶುರುವಾಯಿತು. ಎಲ್ಲಿಂದ ಸಿಕ್ಕಿತು ನಂಬರ್ ಅಂತ ಅವನು ಕೇಳಿದ, ಆ ಕಡೆಯವರು ಫೋನ್ ಇಟ್ಟರು.

ಪ್ರಶ್ನೆ: ಮೇಡಂ, ನೀವು ಜನರಲ್ಲಿ ಸುಮ್ನೆ ಭಯ ಹುಟ್ಟಿಸುತ್ತಿದ್ದೀರಿ. ನಮ್ಮ ಕಾಲದಲ್ಲಿ ಟೆಲಿಫೋನ್ ಡೈರೆಕ್ಟರಿಯಲ್ಲಿ ಎಲ್ಲರ ಹೆಸರು, ವಿಳಾಸ, ನಂಬರ್ ಅಚ್ಚಾಗುತ್ತಿತ್ತು. ಊರಲ್ಲಿ ಯಾರ ಮನೆಯಲ್ಲಿ ಏನು ಸಾರು ಅನ್ನುವುದೂ ಗೊತ್ತಿರುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ತಪ್ಪು ಮಾಡದವನಿಗೆ ಬಚ್ಚಿಡಲು ಏನಿದೆ? ಈ ಪ್ರೈವೆಸಿ ಅನ್ನುವುದು ಉಳ್ಳವರ ಶೋಕಿ. ಬಡವನಿಗೆ ಬೇಕಾದ್ದು ರೇಷನ್ನು, ಪಿಂಚಣಿ.
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ.

ಡೈರೆಕ್ಟರಿಯ ಮಾತು ನಿಜ. ನಮ್ಮ ಮನೆಯಲ್ಲೂ ಆ ದಪ್ಪ ಪುಸ್ತಕ ಇತ್ತು. ಆದರೆ ಆಗ ನಿಮ್ಮ ನಂಬರ್ ಗೊತ್ತಿದ್ದವನು ನಿಮಗೆ ಫೋನ್ ಮಾಡಬಹುದಿತ್ತು, ಅಷ್ಟೇ. ನಿಮ್ಮ ಬ್ಯಾಂಕಿನ ಬಾಗಿಲು ಆ ನಂಬರಿಗೆ ತೆರೆಯುತ್ತಿರಲಿಲ್ಲ. ಊರಿನವರಿಗೆ ನಿಮ್ಮ ಮನೆಯ ಸಾರು ಗೊತ್ತಿತ್ತು, ಅವರ ಮನೆಯ ಸಾರು ನಿಮಗೂ ಗೊತ್ತಿತ್ತು. ಈಗ ನಿಮ್ಮ ಬಗ್ಗೆ ತಿಳಿದುಕೊಂಡವರು ಯಾರು, ಎಲ್ಲಿದ್ದಾರೆ, ಯಾರಿಗೆ ಮಾರಿದರು ಅನ್ನುವುದು ನಿಮಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಊರಿಗೆಲ್ಲ ಎಲ್ಲ ಗೊತ್ತಿರುವುದು ಎಲ್ಲರಿಗೂ ಹಿತವಾಗಿರಲಿಲ್ಲ. ಗಂಡನನ್ನು ಬಿಟ್ಟು ಬಂದ ಹೆಂಗಸು, ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ ಹುಡುಗಿ, ಕ್ಷಯ ಆಗಿದ್ದ ಮನುಷ್ಯ, ಇವರನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾರೆ. ಅವರು ಯಾರೂ ತಪ್ಪು ಮಾಡಿರಲಿಲ್ಲ. ಆದರೂ ಬಚ್ಚಿಡಲು ಅವರಿಗೆ ಕಾರಣ ಇತ್ತು.

ಉಳ್ಳವರ ಶೋಕಿ ಅಂದಿರಿ. ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ತಗೊಂಡು ಹೋದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದ ಮಾಡಿತು. ಬಡವರಿಗೆ ಬೇಕಾದ್ದು ಅನ್ನ, ಪ್ರೈವೆಸಿ ಅಲ್ಲ ಅನ್ನುವ ನಿಮ್ಮ ಮಾತೂ ಅಲ್ಲಿ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಅದನ್ನು ಒಪ್ಪಲಿಲ್ಲ. ಖಾಸಗಿತನ ಮೂಲಭೂತ ಹಕ್ಕು, ಬಡವರಿಗೂ ಅಷ್ಟೇ ಸೇರಿದ್ದು ಅಂದರು. ಆ ದಿನ ನಮ್ಮ ವಕೀಲರ ಸಂಘದ ಕೋಣೆಯಲ್ಲಿ ಟಿವಿ ಮುಂದೆ ನಿಂತು ನೋಡಿದ್ದು ನನಗೆ ಈಗಲೂ ನೆನಪಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪನ್ನು ದೇಶದ ಕೋರ್ಟುಗಳಲ್ಲೆಲ್ಲ ಓದುತ್ತಾರೆ. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಅವರ ಹೆಸರು ಗೊತ್ತಿದ್ದರೆ ನನಗೆ ಸಂತೋಷ ಆಗುತ್ತಿತ್ತು.

ರೇಷನ್ನು, ಪಿಂಚಣಿಯ ವಿಷಯದಲ್ಲಿ ನಿಮ್ಮ ಕಾಳಜಿ ನನ್ನದೂ ಹೌದು. 2018ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಆಧಾರ್ ಕಾಯ್ದೆಯನ್ನು ನಾಲ್ಕು ಒಂದರ ಬಹುಮತದಲ್ಲಿ ಎತ್ತಿಹಿಡಿಯಿತು. ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು ಅಂದಿತು. ಆದರೆ 57ನೇ ಸೆಕ್ಷನ್ನಿನಲ್ಲಿ ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ ಭಾಗವನ್ನು ಕಿತ್ತು ಹಾಕಿತು. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಮಾಹಿತಿ ಸೋರಿದಾಗ ಮೊದಲು ಪೆಟ್ಟು ತಿನ್ನುವವರು ಯಾರು? 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಜನರ ಬ್ಯಾಂಕ್ ಖಾತೆಯಿಂದ ದುಡ್ಡು ಹೋಯಿತು. ಓಟಿಪಿ ಇಲ್ಲ, ಕಾರ್ಡ್ ಇಲ್ಲ. ಆಧಾರ್ ನಂಬರು ಹೇಳಿ, ಬೆರಳು ಒತ್ತಿ ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಆಧಾರ್ ನಂಬರು ಮತ್ತು ನಕಲು ಮಾಡಿದ ಬೆರಳಚ್ಚು ಸಾಕಾಗಿತ್ತು. ಉಳ್ಳವರಾದರೆ ವಕೀಲರನ್ನು ಇಡುತ್ತಾರೆ. ಪಿಂಚಣಿಯ ದುಡ್ಡು ಹೋದ ಅಜ್ಜಿ ಬ್ಯಾಂಕಿನ ಬೆಂಚಿನ ಮೇಲೆ ಕೂತು ಅಳುತ್ತಾಳೆ. ಅಂಥವರ ಪಕ್ಕ ನಾನು ಕೂತಿದ್ದೇನೆ ಮೇಷ್ಟ್ರೇ. ಅದಕ್ಕೇ ಇಷ್ಟು ಗಟ್ಟಿಯಾಗಿ ಬರೆಯುತ್ತೇನೆ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಪಿಜಿಗೆ ಸೇರಿದ್ದಾಳೆ. ಮಾಲೀಕರು ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊ ವಾಟ್ಸಾಪ್ ಮಾಡಿ ಅಂದಿದ್ದಾರೆ. ಕೊಡದಿದ್ದರೆ ರೂಮ್ ಇಲ್ಲವಂತೆ. ಏನು ಮಾಡಲಿ?
— ತಾಯಿ, ಹಾಸನ

ಉತ್ತರ: ಯಾರು ಉಳಿದುಕೊಂಡಿದ್ದಾರೆ ಅಂತ ತಿಳಿದುಕೊಳ್ಳುವುದು ಮಾಲೀಕರ ಕರ್ತವ್ಯ. ನಾಳೆ ಪೊಲೀಸರು ಕೇಳಿದರೆ ಅವರು ಉತ್ತರ ಹೇಳಬೇಕಲ್ಲ. ಹಾಗಂತ ಆಧಾರ್ ಒಂದೇ ದಾಖಲೆ ಅಲ್ಲ. ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಜೊತೆಗೆ ಕಾಲೇಜಿನ ಐಡಿ ಕೊಡುತ್ತೇವೆ ಅಂತ ಮೊದಲು ಹೇಳಿ ನೋಡಿ.

ಆಧಾರೇ ಬೇಕು ಅಂದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಮೈಆಧಾರ್ ವೆಬ್‌ಸೈಟಿನಲ್ಲಿ ಇಳಿಸಿಕೊಳ್ಳುವಾಗ ಮಾಸ್ಕ್ ಬೇಕಾ ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಆ ಫೈಲಿಗೆ ಪಾಸ್‌ವರ್ಡ್ ಇದೆ ಅಂತ ಧೈರ್ಯವಾಗಿ ಇರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ, ಅಷ್ಟೇ ಪಾಸ್‌ವರ್ಡ್. ಮಗಳನ್ನು ಬಲ್ಲ ಯಾರು ಬೇಕಾದರೂ ಊಹಿಸಬಹುದು. ಅದನ್ನು ಪ್ರಿಂಟ್ ಹಾಕಿಸಿ, ಅಡ್ಡಲಾಗಿ ಪೆನ್ನಿನಲ್ಲಿ 'ಪಿಜಿ ವಸತಿಗೆ ಮಾತ್ರ' ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿ ಕೈಗೆ ಕೊಡಲಿ. ಅಕ್ಷರ ಫೋಟೊದ ಮೇಲೂ, ನಂಬರಿನ ಮೇಲೂ ಹಾದು ಹೋಗಬೇಕು.

ಈ ಅಭ್ಯಾಸ ನನಗೆ ಬಂದಿದ್ದಕ್ಕೆ ಕಾರಣ ಇದೆ. ಆರೇಳು ವರ್ಷದ ಹಿಂದೆ ಕೋರ್ಟಿನಿಂದ ಬರುವಾಗ ಹುರಿದ ಕಡಲೆಕಾಯಿ ತಗೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಒಬ್ಬ ಹೆಣ್ಣುಮಗಳ ಆಧಾರ್ ಜೆರಾಕ್ಸ್. ಹೆಸರು, ಊರು, ನಂಬರು, ಕೆಳಗೆ ಸಹಿ, ಎಲ್ಲ ಇತ್ತು. ಯಾವುದೋ ಕಚೇರಿಗೆ ಕೊಟ್ಟ ಅರ್ಜಿ ರದ್ದಿಗೆ ಹೋಗಿ ಗಾಡಿಯವರ ಕೈ ಸೇರಿತ್ತು. ಅದನ್ನು ಮನೆಗೆ ತಂದು ಸುಟ್ಟೆ.

ಜೊತೆಗೆ ಮಗಳ ಆಧಾರ್ ಬಯೋಮೆಟ್ರಿಕ್, ಅಂದರೆ ಬೆರಳಚ್ಚು, ಕಣ್ಣಿನ ಗುರುತು, ಲಾಕ್ ಮಾಡಿಸಿ. ಅದೇ ವೆಬ್‌ಸೈಟಿನಲ್ಲಿ ಆಗುತ್ತದೆ. ಆಮೇಲೆ ಬೆರಳಚ್ಚು ನಕಲು ಮಾಡಿದರೂ ದುಡ್ಡು ತೆಗೆಯಲು ಆಗುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಆದರೆ ಮನೆಯಲ್ಲಿ ರೇಷನ್ ತರಲು ಬೆರಳು ಕೊಡುವವರ ಆಧಾರನ್ನು ಲಾಕ್ ಮಾಡಿ ಮರೆತುಬಿಟ್ಟರೆ ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಅವರಿಗೆ ತಿಳಿಸಿಯೇ ಮಾಡಿ.

ಪ್ರಶ್ನೆ: ನನ್ನ ಹೆಸರಿನಲ್ಲಿ ಬೇರೆ ಯಾರೋ ಸಿಮ್ ತಗೊಂಡಿದ್ದರೆ ಗೊತ್ತಾಗುವುದು ಹೇಗೆ?
— ರೈತರು, ಕೋಲಾರ

ಉತ್ತರ: ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್ ಇದೆ. ನಿಮ್ಮ ನಂಬರ್ ಹಾಕಿ, ಬಂದ ಓಟಿಪಿ ಕೊಟ್ಟರೆ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿ ಬರುತ್ತದೆ. ನಿಮ್ಮದಲ್ಲದ್ದರ ಎದುರು 'ನನ್ನ ನಂಬರ್ ಅಲ್ಲ' ಅಂತ ಒತ್ತಿ. ಇವತ್ತೇ ಮಾಡಿ. ಮೋಸಕ್ಕೆ ಬಳಸಿದ ಸಿಮ್ ನಿಮ್ಮ ಹೆಸರಿನಲ್ಲಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ.

ಪ್ರಶ್ನೆ: ನಮ್ಮಮ್ಮ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಾರೆ. ಗೇಟಿನಲ್ಲಿ ಒಂದು ಆ್ಯಪ್ ಇದೆ. ಅದರಲ್ಲಿ ಅಮ್ಮನ ಫೋಟೊ, ಫೋನ್ ನಂಬರ್, ಬರುವ ಹೋಗುವ ಹೊತ್ತು ಎಲ್ಲ ಇದೆ. ಮನೆಯವರು ಅಮ್ಮನಿಗೆ ಸ್ಟಾರ್ ಕೊಡುತ್ತಾರೆ. ಜ್ವರ ಬಂದು ಐದು ದಿನ ರಜೆ ಹಾಕಿದ್ದಕ್ಕೆ ಯಾರೋ ಎರಡು ಸ್ಟಾರ್ ಕೊಟ್ಟು ಏನೋ ಬರೆದಿದ್ದಾರೆ. ಆಮೇಲೆ ಹೊಸ ಮನೆ ಸಿಕ್ಕಿಲ್ಲ. ಏನು ಬರೆದಿದ್ದಾರೆ ಅಂತ ನಮಗೆ ತೋರಿಸುವುದೂ ಇಲ್ಲ. ನಾನು ಪಿಯುಸಿ ಓದುತ್ತಿದ್ದೇನೆ. ಕಾನೂನು ಏನಾದರೂ ಇದೆಯಾ?
— ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಮಗಳೇ, ನಿನ್ನ ಪತ್ರ ಓದಿ ನನಗೆ ತುಂಬಾ ಸಂಕಟ ಆಯಿತು. ಮೇಷ್ಟ್ರು ಕೇಳಿದ ಪ್ರಶ್ನೆಗೆ ನಿನ್ನ ಪತ್ರವೂ ಒಂದು ಉತ್ತರ. ಆ ಅಪಾರ್ಟ್‌ಮೆಂಟಿನವರ ಮನೆಯೊಳಗಿನ ವಿಷಯ ಯಾವ ಗೇಟಿನಲ್ಲೂ ಇಲ್ಲ, ನಿನ್ನ ಅಮ್ಮನ ಜ್ವರ ಮಾತ್ರ ಇದೆ.

ಕಾನೂನು ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಅಂತ ಕೇಳುವ ಹಕ್ಕು, ತಪ್ಪಿದ್ದರೆ ತಿದ್ದಿಸುವ ಹಕ್ಕು, ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳುವ ಹಕ್ಕು ಅದರಲ್ಲಿವೆ. ಆದರೆ ಇವು ಜಾರಿಗೆ ಬರಲು ನಿಯಮ ಬಂದ ದಿನದಿಂದ ಹದಿನೆಂಟು ತಿಂಗಳು, ಅಂದರೆ 2027ರ ಮೇ ತನಕ ಗಡುವು ಕೊಟ್ಟಿದ್ದಾರೆ. ಇಷ್ಟು ದಿನ ಯಾಕೆ ಬೇಕು ಅಂತ ನನಗೆ ಅರ್ಥವಾಗಿಲ್ಲ. ಈ ಕಾಯ್ದೆಯ ಮೇಲೆ ನನಗೆ ಬೇರೆ ತಕರಾರುಗಳೂ ಇವೆ. ಸರ್ಕಾರ ತನಗೆ ಬೇಕಾದಷ್ಟು ವಿನಾಯಿತಿ ಇಟ್ಟುಕೊಂಡಿದೆ. ಇದರ ನೆಪದಲ್ಲಿ ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿ, ಅಧಿಕಾರಿಗಳ ವಿವರ ಕೇಳುವ ದಾರಿಯನ್ನು ಕಿರಿದು ಮಾಡಿದ್ದಾರೆ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಅಲ್ಲಿಯ ತನಕ ಕಾಯಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಸಂಘಕ್ಕೆ ಅಮ್ಮನ ಹೆಸರಿನಲ್ಲಿ ಒಂದು ಅರ್ಜಿ ಕೊಡಿ. ಮೂರೇ ಮೂರು ವಿಷಯ ಕೇಳಿ. ನನ್ನ ಬಗ್ಗೆ ಬರೆದದ್ದನ್ನು ನನಗೆ ತೋರಿಸಿ. ಜ್ವರದ ರಜೆಗೆ ಕೊಟ್ಟ ಅಂಕ ತೆಗೆಯಿರಿ. ನನ್ನ ಫೋನ್ ನಂಬರ್ ನಾನು ಕೆಲಸ ಮಾಡುವ ನಾಲ್ಕು ಮನೆಯವರಿಗೆ ಮಾತ್ರ ಕಾಣಲಿ. ಆ ನಾಲ್ಕು ಮನೆಯಲ್ಲಿ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುವವರು ಒಬ್ಬರಾದರೂ ಇರುತ್ತಾರೆ. ಅವರ ಸಹಿಯನ್ನೂ ಕೆಳಗೆ ಹಾಕಿಸಿ. ಸಂಘದ ಸಭೆಯಲ್ಲಿ ಮಾತಾಡಲು ಅವರಿಗೆ ಹಕ್ಕಿದೆ, ನಿಮಗೆ ಕೊಡುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಇಟ್ಟುಕೋ.

ಅರ್ಜಿಯನ್ನು ನಾನೇ ಬರೆದು ಪತ್ರಿಕೆಯ ಕಚೇರಿಗೆ ಕಳಿಸಿದ್ದೇನೆ. ಅವರು ನಿನ್ನ ವಿಳಾಸಕ್ಕೆ ಅಂಚೆಯಲ್ಲಿ ಹಾಕುತ್ತಾರೆ. ಅಮ್ಮನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ಅಮ್ಮನ ಕೈಯಲ್ಲೇ ಬರೆಸು.